ಕೆಂಪು ದೀಪ ಹೊತ್ತಿದಾಗ ನಕ್ಕವರು

ಮಂಗಳವಾರ ಸಂಜೆ ಏಳೂವರೆಗೆ ನೀವೂ ನಗಲಿಲ್ಲವೇ? ಅಲ್ಲಗಳೆಯಬೇಡಿ. ‘ಚಾರ್ ಚಕ್ರಮ್’ ಎಂಬ ಆ ಧಾರಾವಾಹಿ ಎರಡು ವರ್ಷ ಪುಣೆಯ ನಮ್ಮ ಮನೆಗಳಲ್ಲೆಲ್ಲ ನಡೆಯಿತು. ನಾಲ್ವರು ತಲೆಕೆಟ್ಟ ಹುಡುಗರು ರಾಕ್ ಬ್ಯಾಂಡ್ ಕಟ್ಟಿಕೊಂಡು ಹೆಸರು ಮಾಡಲು ಹೊರಡುತ್ತಾರೆ, ವಾರಕ್ಕೊಮ್ಮೆ ಮುಖಭಂಗ ಮಾಡಿಕೊಂಡು ಮರಳುತ್ತಾರೆ, ಕತೆ ಇಷ್ಟೇ. ಡ್ರಮ್ ಬಾರಿಸುವ ಹುಡುಗನ ಕೈಯಿಂದ ಕೋಲು ಜಾರಿ ಬಿದ್ದೊಡನೆ ಕಾಣದ ಜನರ ನಗು ಕೇಳಿಬರುತ್ತಿತ್ತು. ಆ ನಗುವಿನ ಕೊನೆಯಲ್ಲಿ ಒಬ್ಬ ಹೆಂಗಸಿನ ದನಿ, ಬಿಕ್ಕಳಿಸಿದಂತೆ ಮೂರು ಸಲ ಏರಿ ಇಳಿಯುವ ದನಿ, ಬೇರೆಯಾಗಿ ಕೇಳಿಸುತ್ತಿತ್ತು. ಅದನ್ನು ಕೇಳಿ ನೀವು ಇನ್ನಷ್ಟು ನಕ್ಕಿರಿ. ಅದು ಯಾರ ದನಿ ಎಂದು ಒಮ್ಮೆಯಾದರೂ ವಿಚಾರಿಸಿದಿರಾ?

ಅದು ಕೊಂಢವಾ ಬಡಾವಣೆಯ ಶಿವಗಂಗವ್ವನ ದನಿ. ಡ್ರಮ್ ಬಾರಿಸುತ್ತಿದ್ದ ಬಸವಪ್ರಭು ಆಕೆಯ ಒಬ್ಬನೇ ಮಗ.

ನಾನು ಈ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು. ಬಸವಪ್ರಭು ನನ್ನ ವಿದ್ಯಾರ್ಥಿಯಾಗಿದ್ದ. ಪದ್ಯ ಓದಿಸುವಾಗ ಆತನ ಬೆರಳುಗಳು ಬೆಂಚಿನ ಮೇಲೆ ತಮ್ಮಷ್ಟಕ್ಕೆ ತಾವೇ ತಾಳ ಹಾಕುತ್ತಿದ್ದವು. ಶಿಸ್ತು ಕೆಡುತ್ತದೆಂದು ನಾನು ಆತನನ್ನು ಎಷ್ಟೋ ಸಲ ಹೊರಗೆ ನಿಲ್ಲಿಸಿದ್ದುಂಟು. ಹೊರಗೆ ನಿಂತಾಗ ಆತ ಗೋಡೆಯ ಮೇಲೆ ತಾಳ ಹಾಕುತ್ತಿದ್ದ.

ಕಾಲೇಜು ಸೇರಿದ ಮೇಲೆ ಆತ ಅಮೇಯ ಎಂಬ ಮರಾಠಿ ಗೆಳೆಯನನ್ನೂ ಇನ್ನಿಬ್ಬರನ್ನೂ ಕೂಡಿಕೊಂಡು ಬ್ಯಾಂಡ್ ಕಟ್ಟಿದ. ಅಮೇಯ ಹಾಡುಗಾರ. ಕೊಂಢವಾದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ಅಂಗಡಿಯೊಂದರ ಹಿಂದೆ ತಗಡಿನ ಶೆಡ್ ಇತ್ತು. ಅಲ್ಲಿ ಅವರ ಅಭ್ಯಾಸ. ಒಂದು ರವಿವಾರ ಶಿವಗಂಗವ್ವ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಮಗ ದಾರಿ ತಪ್ಪಿದ್ದಾನೋ ಇಲ್ಲವೋ ಮಾಸ್ತರರೇ ನೋಡಿ ಹೇಳಲಿ ಎಂಬುದು ಆಕೆಯ ಆಸೆ. ಆ ಸಂಗೀತದ ಬಗ್ಗೆ ನನಗೆ ಗೌರವವೇನೂ ಇರಲಿಲ್ಲ. ಆದರೆ ಅಂದು ಬಸವಪ್ರಭು ತಾನೇ ಕಟ್ಟಿದ ಒಂದು ಹಾಡನ್ನು ಬಾರಿಸಿದ. ಮೊದಲು ಮೆಲ್ಲಗೆ ಎರಡು ಪೆಟ್ಟು, ಒಂದು ತಿರುವು. ಮತ್ತೆ ಎರಡು ಪೆಟ್ಟು, ಒಂದು ತಿರುವು. ಆಮೇಲೆ ಅಗಲವಾಗುತ್ತ ಹೋಗುವ ಒಂದೇ ಸಮನಾದ ಬಡಿತ. ಎಲ್ಲಿಯೋ ಕೇಳಿದ್ದೇನಲ್ಲ ಎಂದು ಯೋಚಿಸುತ್ತಿದ್ದಾಗ ಶಿವಗಂಗವ್ವನ ಕೈಗಳ ಮೇಲೆ ಕಣ್ಣು ಬಿತ್ತು. ಮಡಿಲಲ್ಲಿದ್ದ ಆಕೆಯ ಅಂಗೈಗಳು ಅದೇ ಲೆಕ್ಕಕ್ಕೆ ಅಲುಗುತ್ತಿದ್ದವು. ಅದು ಜೋಳದ ರೊಟ್ಟಿ ಬಡಿಯುವ ಸಪ್ಪಳ.

“ಏನ್ರಿ ಮಾಸ್ತರ, ಹುಡುಗ ಕೆಟ್ಟಾನೇನ್ರಿ?” ಎಂದು ಆಕೆ ಕೇಳಿದಳು.

“ಇಲ್ಲ ತಾಯಿ, ಕೆಟ್ಟಿಲ್ಲ” ಎಂದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಒಂದು ಟೀವಿ ಕಂಪನಿ ನಿಜವಾದ ಬ್ಯಾಂಡೊಂದನ್ನು ಹುಡುಕುತ್ತ ಬಂತು. ಹಾಸ್ಯದ ಧಾರಾವಾಹಿ, ಹುಡುಗರು ತಮ್ಮ ಪಾತ್ರವನ್ನು ತಾವೇ ಮಾಡಬೇಕು, ಬರೆದುಕೊಟ್ಟಂತೆ ತಪ್ಪು ತಪ್ಪಾಗಿ ಬಾರಿಸಬೇಕು. ಮುಖ ಪರಿಚಯವಾದರೆ ಆಮೇಲೆ ಹಾಡನ್ನೂ ಕೇಳುತ್ತಾರೆ ಎಂದು ಅಮೇಯ ವಾದಿಸಿದ. ಬಸವಪ್ರಭು ಒಂದೇ ಷರತ್ತು ಹಾಕಿದ. ಹದಿಮೂರನೆಯ ಕಂತಿನಲ್ಲಿ ತನ್ನ ಆ ಹಾಡನ್ನು ಪೂರ್ತಿಯಾಗಿ, ಯಾವ ಕುಚೇಷ್ಟೆಯೂ ಇಲ್ಲದೆ ಬಾರಿಸಲು ಬಿಡಬೇಕು. ನಿರ್ದೇಶಕರು ಒಪ್ಪಿದರು. ಹನ್ನೆರಡು ವಾರ ಕೋಲು ಬೀಳಿಸಿದ್ದು ಆ ಒಂದು ದಿನಕ್ಕಾಗಿ. ಇದನ್ನು ನೀವು ಮರೆಯಬಾರದು.

ನಗಲು ಜನ ಬೇಕಾಗಿತ್ತು. ವಿಮಾನ ನಗರದ ಒಂದು ಗೋದಾಮಿನಲ್ಲಿ ಚಿತ್ರೀಕರಣ; ನಾಲ್ಕು ತಾಸು ಕದಲದೆ ಕೂರುವವರು ಈ ಊರಿನಲ್ಲಿ ಯಾರು ಸಿಗುತ್ತಾರೆ? ಕಂಪನಿಯ ಪೂರ್ವಾ ಎಂಬ ಹುಡುಗಿ ನಮ್ಮ ಕನ್ನಡ ಬಳಗವನ್ನು ಹುಡುಕಿಕೊಂಡು ಬಂದಳು. ನಾನು ಆಗ ಬಳಗದ ಕಾರ್ಯದರ್ಶಿ. ನಮ್ಮ ಹುಡುಗನ ಕಾರ್ಯಕ್ರಮವೆಂಬ ಅಭಿಮಾನದಿಂದ ನಲವತ್ತೆರಡು ಜನರ ಯಾದಿ ನಾನೇ ಬರೆದುಕೊಟ್ಟೆ. ಬಸ್ಸು ಬಂತು. ಇಳಿದ ಕೂಡಲೇ ಉಪ್ಪಿಟ್ಟು, ಚಹಾ. ನಟರ ಮಾತು ಅರ್ಧ ಹಿಂದಿ, ಅರ್ಧ ಕಾಲೇಜಿನ ಮರಾಠಿ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅದು ಹಿಡಿಯುತ್ತಲೇ ಇರಲಿಲ್ಲ. ಅದಕ್ಕೂ ಪೂರ್ವಾಳ ಬಳಿ ಉಪಾಯವಿತ್ತು. ಎದುರಿನ ಕಂಬದ ಮೇಲಿನ ಕೆಂಪು ದೀಪವನ್ನು ತೋರಿಸಿ ಆಕೆ ಹೇಳಿದಳು: “ದಿವಾ ಲಾಗಲಾ ಕೀ ಹಸಾಯ್ಚಂ.” ದೀಪ ಹೊತ್ತಿದರೆ ನಗಬೇಕು.

“ಉಪ್ಪಿಟ್ಟು ತಿಂದೀವಿ, ಇನ್ನ ನಗಲಿಲ್ಲಂದ್ರ ಛಲೋ ಕಾಣೂದಿಲ್ಲ” ಎಂದು ಶಿವಗಂಗವ್ವನ ಗಂಡ ಸಿದ್ದಲಿಂಗಪ್ಪ ಹೇಳಿದ. ತುಳಸಿಬಾಗದ ಅರಿವೆ ಅಂಗಡಿಯ ಗುಮಾಸ್ತ. ಗಿರಾಕಿ ಏನು ಅಂದರೂ ನಕ್ಕು ನಕ್ಕು ಅಭ್ಯಾಸವಾದವನು.

“ನೀವ ನಗಬ್ಯಾಡ್ರಿ, ಹಲ್ಲಿನ ಕಟ್ಟ ಹಾರಿ ಕ್ಯಾಮರಾಕ್ಕ ಬಡೀತದ” ಎಂದಳು ಹೆಂಡತಿ. ದೀಪಕ್ಕೆ ಮೊದಲೇ ನಾವೆಲ್ಲ ನಕ್ಕೆವು.

ಹೀಗೆ ವಾರವಾರವೂ ಹೋದೆವು. ಅದು ನಮ್ಮ ಜನರ ಸ್ವಭಾವ. ಕರೆದವರ ಮನ ನೋಯಿಸಬಾರದು, ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು. ನಮಗಿಂತ ಮೊದಲು ಕರೆಸಿದ್ದ ಬೇರೆ ಬಡಾವಣೆಯ ಪ್ರೇಕ್ಷಕರು ಅರೆಮನಸ್ಸಿನಿಂದ ನಕ್ಕರಂತೆ. ಕನ್ನಡದವರಷ್ಟು ಪ್ರಾಮಾಣಿಕವಾಗಿ ಯಾರೂ ನಗುವುದಿಲ್ಲ ಎಂದು ಪೂರ್ವಾ ಹೊಗಳಿದಳು. ನೀವು ಜೋರಾಗಿ ನಕ್ಕಷ್ಟೂ ನಿಮ್ಮ ಮಗನ ಧಾರಾವಾಹಿ ಬೆಳೆಯುತ್ತದೆ ಎಂದು ಶಿವಗಂಗವ್ವನಿಗೆ ಬೇರೆಯಾಗಿ ಹೇಳಿದಳು. ತಾಯಿ ನಂಬಿದಳು.

ಹದಿಮೂರನೆಯ ಕಂತಿನ ದಿನ ಪೂರ್ವಾ ನಮ್ಮನ್ನು ಕೂರಿಸಿ, “ಈ ಹಾಡಿಗೆ ದೀಪ ಹೊತ್ತುವುದಿಲ್ಲ, ಸುಮ್ಮನೆ ಕೇಳಿ” ಎಂದು ಮರಾಠಿಯಲ್ಲಿ ತಿಳಿಸಿದಳು. ನಾನು ಅದನ್ನು ಕನ್ನಡದಲ್ಲಿ ಎಲ್ಲರಿಗೂ ಹೇಳಿದೆ. ಬಸವಪ್ರಭು ಕೋಲುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಕುಳಿತ. ತಾಯಿಯತ್ತ ಒಮ್ಮೆ ನೋಡಿದ. ಎರಡು ಪೆಟ್ಟು, ಒಂದು ತಿರುವು. ಅಮೇಯನ ದನಿ ಇನ್ನೇನು ಸೇರಬೇಕು, ಬಡಿತ ಅಗಲವಾಗತೊಡಗಿತ್ತು. ಆಗ ಕೆಂಪು ದೀಪ ಹೊತ್ತಿತು.

ಯಾರು ಹೊತ್ತಿಸಿದರು, ಬೇಕೆಂದೋ ಮರೆತೋ, ನನಗೆ ಈವರೆಗೂ ತಿಳಿಯದು. ತಿಳಿದಿರುವುದು ಇಷ್ಟೇ. ಶಿವಗಂಗವ್ವ ದೀಪವನ್ನು ನೋಡಿದಳು, ಮಗನನ್ನು ನೋಡಿದಳು, ಆಮೇಲೆ ನನ್ನ ಕಡೆ ಹೊರಳಿ, “ನಗಬೇಕೇನ್ರಿ ಮಾಸ್ತರ?” ಎಂದು ಪಿಸುಗುಟ್ಟಿದಳು. ಮೂವತ್ತನಾಲ್ಕು ವರ್ಷ ಗಂಟೆ ಬಾರಿಸಿದೊಡನೆ ಎದ್ದು, ಗಂಟೆ ಬಾರಿಸಿದೊಡನೆ ಕುಳಿತು, ಸಾವಿರಾರು ಮಕ್ಕಳಿಗೂ ಅದನ್ನೇ ಕಲಿಸಿದ ನಾನು ದೀಪವನ್ನು ನೋಡಿ ನಕ್ಕೆ.

ಮಾಸ್ತರರು ನಕ್ಕರೆಂದು ಆಕೆ ನಕ್ಕಳು. ಹಿಂದಿನ ಸಾಲುಗಳು ನಕ್ಕವು. ಇದು ನಗಬೇಕಾದ ಜಾಗವಲ್ಲವೆಂಬ ಅಳುಕಿನಿಂದಲೋ ಏನೋ, ಅಂದು ನಾವು ನಕ್ಕಂತೆ ಎಂದೂ ನಕ್ಕಿರಲಿಲ್ಲ. ಬಸವಪ್ರಭು ನಿಲ್ಲಿಸಲಿಲ್ಲ. ತಲೆ ತಗ್ಗಿಸಿಕೊಂಡು ಕೊನೆಯವರೆಗೂ ಬಾರಿಸಿದ.

ಆ ಕಂತು ಪ್ರಸಾರವಾದ ಸಂಜೆ ನಾನು ಅವರ ಮನೆಯಲ್ಲಿದ್ದೆ. ಹಾಡನ್ನು ಅರ್ಧ ನಿಮಿಷಕ್ಕೆ ಕತ್ತರಿಸಿದ್ದರು, ಅದರ ಮೇಲೆ ನಗುವನ್ನು ಹೊದಿಸಿದ್ದರು. ಕೊನೆಯಲ್ಲಿ ಬಿಕ್ಕಳಿಸಿದಂತೆ ಮೂರು ಸಲ.

ಬಸವಪ್ರಭು ತಾಯಿಯನ್ನು ಕೇಳಿದ: “ಅವ್ವಾ, ಅದು ನಿನ್ನ ನಗಿ ಅಲ್ಲೇನು?”

“ನಂದಽ ಅಪ್ಪಾ. ದೀಪ ಹತ್ತಿತ್ತು.”

“ಹೌದು, ಹತ್ತಿತ್ತು” ಎಂದ ಆತ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು.

ಮುಂದೆ ಹೊಸ ನಗುವನ್ನು ಹುಡುಕುವ ಗೋಜೇ ಅವರಿಗೆ ಉಳಿಯಲಿಲ್ಲ. ಅಂದು ತುಂಬಿಟ್ಟುಕೊಂಡ ನಮ್ಮ ನಗುವನ್ನೇ ಪ್ರತಿ ಕಂತಿಗೂ ಅಂಟಿಸಿದರು. ನಮ್ಮ ಬಸ್ಸು ನಿಂತಿತು. ಒಪ್ಪಂದದಂತೆ ಹುಡುಗರು ಉಳಿದ ಕಂತುಗಳನ್ನು ಮುಗಿಸಿಕೊಟ್ಟರು. ಆಮೇಲೆ ಭೋರ್‌ನ ಒಂದು ಗಣೇಶ ಮಂಡಳದವರು ಬ್ಯಾಂಡನ್ನು ಕರೆಸಿದರು. ಮೊದಲ ಬಾರಿಗೆ ತಮ್ಮ ಹೆಸರಿನಲ್ಲಿ ಬಾರಿಸುವ ಅವಕಾಶ. ಬಸವಪ್ರಭು ಎರಡು ಪೆಟ್ಟು ಹಾಕುವಷ್ಟರಲ್ಲಿ ಜನ ನಗತೊಡಗಿದರು, “ಕಾಠೀ ಪಾಡ್! ಕಾಠೀ ಪಾಡ್!” ಕೋಲು ಬೀಳಿಸು ಎಂದು ಕೂಗಿದರು. ಆತ ಸ್ವಲ್ಪ ಹೊತ್ತು ಕಾದ. ಬಳಿಕ ಎರಡೂ ಕೋಲುಗಳನ್ನು ನೆಲಕ್ಕೆ ಬಿಟ್ಟು, ಇಳಿದು ಹೋದ. ಜನರು ಚಪ್ಪಾಳೆ ತಟ್ಟಿದರಂತೆ, ಅಮೇಯ ಹೇಳಿದ್ದು.

ಈಗ ಆತ ಅದೇ ಫರಸಿ ಅಂಗಡಿಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುತ್ತಾನೆ. ಹಿಂದಿನ ಶೆಡ್ಡಿಗೆ ಕಾಲಿಟ್ಟಿಲ್ಲ. ಶಿವಗಂಗವ್ವ ನಗುವುದನ್ನು ಬಿಟ್ಟಳು. ನಗು ಬಂದರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಾಳೆ.

ಕಳೆದ ತಿಂಗಳು ಆ ಧಾರಾವಾಹಿ ಮಧ್ಯಾಹ್ನದ ಹೊತ್ತು ಮರುಪ್ರಸಾರವಾಗತೊಡಗಿತು. ಆಕೆ ನನ್ನ ಮನೆಗೆ ಬಂದಳು.

“ಮಾಸ್ತರ, ನನ್ನ ನಗಿ ತಿರುಗಿ ಇಸಕೊಡ್ರಿ. ಅದು ಬ್ಯಾಡ ಅಂತ ಹೇಳ್ರಿ.”

ವಿಮಾನ ನಗರದ ಅವರ ಹೊಸ ಕಚೇರಿಗೆ ಇಬ್ಬರೂ ಹೋದೆವು. ಪೂರ್ವಾ ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ, ಆದರೂ ಎದ್ದು ಬಂದು, “ಕಾಕೂ!” ಎಂದು ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಶಿವಗಂಗವ್ವನ ಕೈ ಹಿಡಿದಳು. ವಿಷಯ ಕೇಳಿ ಅವಳ ಮುಖ ಬಾಡಿತು. ಸಿದ್ಧವಾದ ಕಂತುಗಳಲ್ಲಿ ನಗು, ಮಾತು, ಸಂಗೀತ ಎಲ್ಲವೂ ಒಂದೇ ಧ್ವನಿಪಟ್ಟಿಯಲ್ಲಿ ಬೆರೆತಿವೆ, ಈಗ ಬೇರ್ಪಡಿಸಲು ಬರುವುದಿಲ್ಲ ಎಂದಳು. ಬೇರೆ ಎರಡು ಧಾರಾವಾಹಿಗಳಿಗೂ ಅದೇ ನಗುವನ್ನು ಹಾಕಿದ್ದಾರಂತೆ.

“ನನ್ನ ಕೇಳಲಿಲ್ಲಲ್ಲಾ?” ಎಂದಳು ಶಿವಗಂಗವ್ವ. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಪೂರ್ವಾ ಚಹಾ ತರಿಸಿದಳು. ಶಿವಗಂಗವ್ವ ಮುಟ್ಟಲಿಲ್ಲ. ಈ ಸಲ ನಾನೂ ಮುಟ್ಟಲಿಲ್ಲ.

ಮರಳುವಾಗ ಬಸ್ಸು ಕೊಂಢವಾ ಹತ್ತಿರ ಬಂದಾಗ ಆಕೆ ಹೇಳಿದಳು: “ಆ ದಿನ ನಾ ಹಾಡ ಕೇಳಲೇ ಇಲ್ರಿ ಮಾಸ್ತರ. ದೀಪಾನಽ ನೋಡಿಕೋತ ಕುಂತೆ.”

ಮಗನಿಗೂ ಆಕೆ ಅದನ್ನೇ ಹೇಳಿದಳಂತೆ. ಒಮ್ಮೆ ಬಾರಿಸು, ಕೇಳುತ್ತೇನೆ ಎಂದಳಂತೆ. ಮೂರನೆಯ ದಿನ ಆತ ನನ್ನ ಬಳಿ ಬಂದ. ಕೈತುಂಬ ಕಲ್ಲಿನ ಪುಡಿ.

“ಬಾರಸ್ತೀನ್ರಿ ಸರ್. ಆದ್ರ ಅವತ್ತ ನಕ್ಕವರು ಬರಬೇಕು. ನಲವತ್ತೆರಡೂ ಮಂದಿ. ಬ್ಯಾರೆ ಮಂದಿ ಮುಂದ ಬಾರಿಸಿದ್ರ ಆ ನಗಿ ನನ್ನ ಕಿವಿಯಿಂದ ಹೋಗೂದಿಲ್ಲ.”

“ಎಲ್ಲರೂ ಬರದಿದ್ದರೆ?”

“ಕೋಲು ಮುಟ್ಟೂದಿಲ್ರಿ” ಎಂದು ಎದ್ದು ಹೋದ.

ಹಳೆಯ ಯಾದಿಯನ್ನು ಹಿಡಿದುಕೊಂಡು ಮೂರು ವಾರದಿಂದ ಮನೆಮನೆ ತಿರುಗುತ್ತಿದ್ದೇನೆ. ಈ ವಯಸ್ಸಿಗೆ ಮೆಟ್ಟಿಲು ಹತ್ತುವುದು ಸುಲಭವಲ್ಲ. ಇಬ್ಬರು ತೀರಿಕೊಂಡಿದ್ದಾರೆ, ಅವರ ಬದಲು ಮಕ್ಕಳು ಬಂದರೆ ಸಾಕೆಂದು ಬಸವಪ್ರಭು ಒಪ್ಪಿದ್ದಾನೆ. ಇಪ್ಪತ್ತಾರು ಜನ ಬರುತ್ತೇವೆಂದಿದ್ದಾರೆ. ಯಾದಿಯಲ್ಲಿದ್ದ ಸಕ್ಕುಬಾಯಿಯವರು ಬಾಗಿಲಲ್ಲೇ, “ಯಾರು, ಕೋಲು ಬೀಳಸಾಂವ ಏನ್ರಿ?” ಎಂದು ಕೇಳಿ ನಕ್ಕರು, ಆಮೇಲೆ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಅವರೂ ಬರುತ್ತಾರೆ. ಉಳಿದವರು ಮನೆ ಬದಲಿಸಿದ್ದಾರೆ, ಅಥವಾ ಮನೆಯಲ್ಲಿದ್ದೂ ಇಲ್ಲವೆಂದು ಹೇಳಿಸುತ್ತಾರೆ. ನಮ್ಮ ಬಳಗದ ಈ ಪತ್ರಿಕೆ ಅವರೆಲ್ಲರ ಕೈ ಸೇರುತ್ತದೆಂದೇ ಇದನ್ನು ಇಲ್ಲಿ ಬರೆದಿದ್ದೇನೆ.

ಆದ್ದರಿಂದ, ಆ ಬಸ್ಸಿನಲ್ಲಿ ಬಂದಿದ್ದವರು ನೀವಾಗಿದ್ದರೆ, ಬರುವ ತಿಂಗಳ ಮೊದಲ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕೊಂಢವಾದ ಆ ತಗಡಿನ ಶೆಡ್ಡಿಗೆ ಬನ್ನಿ. ಉಪ್ಪಿಟ್ಟು ಇರುವುದಿಲ್ಲ. ದೀಪವೂ ಇರುವುದಿಲ್ಲ. ಮೊದಲ ಸಾಲಿನಲ್ಲಿ ಶಿವಗಂಗವ್ವ ಕೂರುತ್ತಾಳೆ; ಆಕೆ ಹೊರಳಿ ನಿಮ್ಮ ಮುಖ ನೋಡಿದರೆ, ದಯವಿಟ್ಟು ಬಸವಪ್ರಭುವಿನ ಕೈಗಳ ಕಡೆಗೇ ನೋಡುತ್ತಿರಿ.