ನಟ್ಟಿನ ಮೇಲಿನ ವಿಭೂತಿ

ಕಿರ್ ಎಂದು ಸಣ್ಣ ಸದ್ದಾಯಿತು. ದ್ರಾಕ್ಷಾಯಣಿ ಸ್ಪ್ಯಾನರ್ ಹಿಡಿದ ಕೈಯನ್ನು ಅಲ್ಲೇ ತಡೆದು ಕಿವಿಗೊಟ್ಟಳು. ಮಲಗುವ ಕೋಣೆಯಲ್ಲಿ ಗಂಡ ರುದ್ರೇಶನ ಗೊರಕೆ ನಿಲ್ಲಲಿಲ್ಲ. ಅವಳು ನಟ್ಟನ್ನು ಇನ್ನಷ್ಟು ಸಡಿಲಿಸಿದಳು.

ಅದು ಖಂಡೆಪೂಜೆಯ, ಎಂದರೆ ಆಯುಧಪೂಜೆಯ ರಾತ್ರಿ. ಪೂಜೆಗಿಟ್ಟ ಹತಾರವನ್ನು ಮರುದಿನ ಬನ್ನಿ ಹಂಚುವ ತನಕ ಯಾರೂ ಮುಟ್ಟುವಂತಿಲ್ಲ. ಸಂಜೆ ಈ ನಟ್ಟು ಕೂತ ಮಷೀನಿಗೆ ವಿಭೂತಿ ಹಚ್ಚಿದವಳೂ ಅವಳೇ.

ಅಂಬಿಕಾನಗರದ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ರುದ್ರೇಶ ಮಳೆಗಾಲವಿಡೀ ಅದನ್ನು ಕಟ್ಟಿದ್ದ. ಹುಬ್ಬಳ್ಳಿಯ ಗುಜರಿಯಿಂದ ತಂದ ಹಳೇ ಪ್ರಿಂಟರಿನ ಮೋಟರುಗಳು, ಮೇಜಿನ ಡ್ರಾವರಿನ ಹಳಿಗಳು, ಮೇಲೊಂದು ಮರ ಕೊರೆಯುವ, ರೂಟರ್ ಎಂಬ ಕೈಯಂತ್ರ. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ಸಾಗುವಾನಿ ಹಲಗೆಯಲ್ಲಿ ಕೊರೆಯಬೇಕು. ಕೊರೆಯುತ್ತಲೂ ಇತ್ತು. ಆದರೆ ಮನೆಯ ಗಡಿಯಾರಕ್ಕೆಂದು ಹಾಕಿದ ದುಂಡು ಗೆರೆ ಮಾತ್ರ ಒಮ್ಮೆಯೂ ಹೊರಟಲ್ಲಿಗೆ ಬಂದು ಕೂಡಲಿಲ್ಲ.

ಆಗ ಪಕ್ಕದ ಮನೆಯ ಸರಿತಾ ಬರತೊಡಗಿದಳು. ದಾಂಡೇಲಿಯಲ್ಲಿ ಕಂಪ್ಯೂಟರ್ ಕಲಿಸುವವಳು. ದ್ರಾಕ್ಷಾಯಣಿ ಚಹಾ ಹಿಡಿದು ಬಾಗಿಲಲ್ಲಿ ನಿಂತರೆ ಇಬ್ಬರೂ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಅವಳೂ ಬಾಯಿ ತೆರೆದಿದ್ದಳು.

“ಆ ಕಡೆ ಹೋದಾಗ ಮೋಟರ್ ತಿಣುಕತೈತಿ. ಆ ನಟ್ಟು ಬಿಗಿ ಭಾಳ ಆಗೇತೇನ್ರಿ?”

“ಇದೇನ ಉಪ್ಪಿನಕಾಯಿ ಭರಣಿ ಮುಚ್ಚಳಾನ?” ಎಂದು ರುದ್ರೇಶ ನಕ್ಕ. ಸರಿತಾಳೂ ನಕ್ಕಳು.

ಪೂಜೆಗೆ ಮುಂಚೆ ಸರಿತಾ ಅದೇ ನಟ್ಟನ್ನು ಇನ್ನೂ ಬಿಗಿ ಮಾಡಿಸಿದ್ದಳು. “ನಾಳೆ ನೋಡ್ರಿ ಅಣ್ಣಾರ, ಹೆಂಗ ಕೂಡತೈತಿ!” ಆ ಮಾತು ಸುಳ್ಳಾಗಲಿ, ರುದ್ರೇಶನ ಎದುರೇ ಸುಳ್ಳಾಗಲಿ ಎಂದೇ ದ್ರಾಕ್ಷಾಯಣಿ ಎದ್ದು ಬಂದಿದ್ದಳು. ಗೆರೆ ಕೆಡಲೆಂದೇ ನಟ್ಟು ಸಡಿಲಿಸಿದ್ದಳು, ಮಷೀನು ಸುಧಾರಿಸಲಿ ಎಂದಲ್ಲ.

ಮರುದಿನ ಸಂಜೆ ಬನ್ನಿ ಹಂಚಿಯಾದ ಮೇಲೆ ಮಷೀನು ಶುರುವಾಯಿತು. ತಿಣುಕಲಿಲ್ಲ. ಗೆರೆ ಹಲಗೆಯನ್ನು ಸುತ್ತಿ ಬಂದು ಹೊರಟ ಜಾಗಕ್ಕೇ ಸೇರಿತು.

“ಕೂಡ್ತು! ಟೀಚರ್, ನಿಮ್ಮ ಕೈಗುಣ ನೋಡ್ರಿ ಇದು!”

ಸರಿತಾ ನಟ್ಟಿನ ಮೇಲೆ ಬಾಗಿದಳು. ನಟ್ಟಿನಿಂದ ಪಕ್ಕದ ಕಬ್ಬಿಣದ ಪಟ್ಟಿಯ ಮೇಲಕ್ಕೆ ಒಂದೇ ಸಾಲಾಗಿ ಎಳೆದಿದ್ದ ಮೂರು ವಿಭೂತಿ ಗೆರೆಗಳು ನಡುವೆ ಮುರಿದಿದ್ದವು. ನಟ್ಟಿನ ಮೇಲಿನ ತುಂಡು ಬೇರೆ ದಿಕ್ಕಿಗೆ ಹೊರಳಿತ್ತು. ಅವಳು ತಲೆ ಎತ್ತಿ ದ್ರಾಕ್ಷಾಯಣಿಯನ್ನೇ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ವಿಭೂತಿಯನ್ನು ಒರೆಸಿಬಿಟ್ಟಳು.

“ಹೌದ್ರಿ ಅಣ್ಣಾರ, ಎಲ್ಲಾ ಆ ನಟ್ಟಿಂದ ಇತ್ತು.”

“ಮೊದಲನೇದು ನಿಮಗ” ಎಂದು ರುದ್ರೇಶ ಆ ದುಂಡು ಹಲಗೆಯನ್ನು ಸರಿತಾಳ ಕೈಗಿಟ್ಟ. ದ್ರಾಕ್ಷಾಯಣಿ ಆ ಗಡಿಯಾರಕ್ಕೆಂದು ಪಡಸಾಲೆಯ ಗೋಡೆಗೆ ಮೊಳೆ ಹೊಡೆಸಿ ತಿಂಗಳಾಗಿತ್ತು.

ಅದನ್ನು ಕೂಡಿಸಿದವಳು ನಾನು ಎನ್ನಬಹುದಿತ್ತು. ಎಂದರೆ, ಪೂಜೆಯ ಹತಾರವನ್ನು ಯಾಕೆ ಮುಟ್ಟಿದೆ ಎಂಬುದಕ್ಕೂ ಉತ್ತರ ಕೊಡಬೇಕು.

“ಯಾಕ, ಸುಮ್ಮನ ನಿಂತಿ?” ಎಂದ ರುದ್ರೇಶ.

“ಏನಿಲ್ರಿ. ಚಹಾ ಇಡ್ತೇನಿ.”

ಯಾರಿಗೂ ಹೇಳುವುದಿಲ್ಲ ಎಂದು ಅವಳು ಒಲೆ ಹಚ್ಚುವಾಗಲೇ ನಿಶ್ಚಯಿಸಿದಳು. ಸರಿತಾಳೂ ಹೇಳಲಾರಳು, ಹೇಳಿದರೆ ಕೈಗುಣದ ಹೆಸರು ಹೋದೀತು. ಕೊನೆಗೆ ಗುಟ್ಟು ಹಂಚಿಕೊಳ್ಳಬೇಕಾಗಿ ಬಂದದ್ದೂ ಅವಳ ಜೊತೆಗೇ ಆಯಿತಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು.