ಹೆಂಗಸರ ಕಡೆಯ ಸಿಳ್ಳೆ

ಫುಸ್ಸ್ ಎಂಬ ಸಣ್ಣ ಸದ್ದಿಗೆ ಪುಷ್ಪಲತಾಗೆ ಎಚ್ಚರವಾಯಿತು. ಓಣಿಯ ನಾಯಿಗಳೂ ಮಲಗಿದ್ದ ಹೊತ್ತು. ಗ್ಯಾಸ್ ಸೋರುತ್ತಿದೆ ಎಂದುಕೊಂಡು ಅಡುಗೆಮನೆಗೆ ಓಡಿದಳು. ಸಿಲಿಂಡರ್ ಬಂದ್ ಆಗಿಯೇ ಇತ್ತು. ಸದ್ದು ಮತ್ತೆ ಬಂತು, ಪಡಸಾಲೆಯಿಂದ.

ಅಲ್ಲಿ ಅತ್ತೆ ಅನ್ನದಾನಮ್ಮ ಬಾಯಲ್ಲಿ ಎರಡು ಬೆರಳಿಟ್ಟುಕೊಂಡು ಕುಳಿತಿದ್ದರು.

"ಏನ್ ಮಾಡಾಕ ಹತ್ತೀರಿ ಅತ್ತಿ?"

"ಸಿಳ್ಳಿ ಹೊಡಿಯಾಕ ಹತ್ತೀನಿ. ಈ ಕಟ್ಟಿಸಿದ ಹಲ್ಲಿನ ಸೆಟ್ಟಿಗೆ ಬರೇ ಗಾಳಿ ಬರ್ತೈತಿ."

ಕೊಟ್ಟೂರಿನ ಟಾಕೀಸಿಗೆ ಭಾನುವಾರ ಒಂದು ಹಳೇ ಕತ್ತಿವರಸೆಯ ಸಿನಿಮಾ ಬಣ್ಣ ಹಚ್ಚಿಸಿಕೊಂಡು ಮರಳಿ ಬರುವುದಿತ್ತು. ಅನ್ನದಾನಮ್ಮ ಅದನ್ನು ಮದುವೆಗೆ ಮುಂಚೆ ಹರಪನಹಳ್ಳಿಯಲ್ಲಿ ನೋಡಿದ್ದರು.

"ಆ ಹೀರೋ ತೂಗುದೀಪ ಹಿಡಕೊಂಡು ಜಿಗದಾಗ ಗಂಡಸರೆಲ್ಲ ಸಿಳ್ಳಿ ಹೊಡದ್ರು. ನಾವು ಸೆರಗು ಕಚಗೊಂಡು ಕುಂತ್ವಿ. ಜ್ವಾಳದ ಹೊಲದಾಗ ಸಿಳ್ಳಿ ಹೊಡದು ಹಕ್ಕಿ ಓಡಸ್ತಿದ್ದಾಕಿ ನಾನು, ಅಲ್ಲಿ ಹೊಡೀಲಿಲ್ಲ. ಅವ ನಮ್ಮ ಸಲುವಾಗೂ ಜಿಗದಿದ್ದ, ಪುಷ್ಪಾ. ಈ ಸಲ ಹೊಡದ ತೀರ್ತೀನಿ."

ಬೆಳಿಗ್ಗೆ ರೊಟ್ಟಿಯ ಮುಂದೆ ಕುಳಿತ ಮಗ ಬಸವೇಶ್‌ಗೂ ವಿಷಯ ತಿಳಿಯಿತು. ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಅವನಿಗೆ ಮನೆಯ ಮಾತು ಹೊಸ್ತಿಲು ದಾಟುವುದೆಂದರೆ ಆಗದು.

"ಆ ಸಿನಿಮಾದ ರಟ್ಟಿನ ಕ್ವಾಟಿ ನೋಡಾಕೇನವ್ವ? ಬಾಗ್ಲಾ ಹಾಕಿದ್ರ ಗೋಡಿ ಅಳ್ಳಾಡ್ತೈತಿ. ಹೀರೋನ ನಡಕ್ಕ ಕಟ್ಟಿದ ಹಗ್ಗ ಕಾಣ್ತೈತಿ."

"ನನಗೂ ಕಣ್ಣದಾವ. ಹಗ್ಗಾನೂ ಕಾಣ್ತೈತಿ, ಜಿಗಿಯಾದೂ ಕಾಣ್ತೈತಿ."

"ಮಂದಿ ಏನಂತಾರ?"

"ಮಂದಿ ಬೇಕಾದ್ರ ಟಿಕೀಟ್ ತಗೊಂಡು ಬರ್ಲಿ."

"ಹೋಗು. ಸಿಳ್ಳಿಗಿಳ್ಳಿ ಹೊಡಿಬ್ಯಾಡ ಮತ್ತ. ನನ್ನ ಗಿರಾಕಿ ಎಲ್ಲಾ ಅಲ್ಲೇ ಇರ್ತಾರ."

"ಅದನ್ನ ಹೊಡಿಯಾಕ ಹೊಂಟೀನಿ ನಾ," ಎಂದು ಅನ್ನದಾನಮ್ಮ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಪುಷ್ಪಲತಾಗೆ ಸಮಾಧಾನವಾಗಲಿಲ್ಲ. ಆ ದಿನ ಬರೀ ಗಾಳಿಯೇ ಬಂದರೆ? ಇಷ್ಟು ವರ್ಷ ಕಾದ ಜೀವ ಪೆಚ್ಚಾಗಿ ಮನೆಗೆ ಬಂದರೆ? ಕೈಚೀಲದಲ್ಲಿ ಯಾವಾಗಲೂ ಇನ್ನೊಂದು ಪಿನ್ನು, ಇನ್ನೊಂದು ಬೀಗದ ಕೈ ಇಟ್ಟುಕೊಂಡೇ ಹೊರಡುವ ಹೆಣ್ಣು ಅವಳು. ದಿನವೂ ನೀರಿನ ಮೋಟರ್ ಹಾಕಿ, ಅದರ ಸದ್ದಿನ ಮರೆಯಲ್ಲಿ, ಬಚ್ಚಲ ಹಿಂದೆ ನಿಂತು ಬಾಯಿಗೆ ಬೆರಳಿಟ್ಟು ಸಿಳ್ಳೆ ಅಭ್ಯಾಸ ಮಾಡಿದಳು. ತುಟಿ ಊದಿತು. ಶನಿವಾರ ಒಮ್ಮೆಲೇ ಕಿವಿ ಸೀಳುವಂಥ ಸಿಳ್ಳೆ ಬಂತು. ಹೆದರಿ ಗೋಡೆಯಾಚೆ ಇಣುಕಿದಳು. ಯಾರೂ ಇರಲಿಲ್ಲ.

ಭಾನುವಾರ ಟಾಕೀಸಿನಲ್ಲಿ ಕೂರುವ ಮುಂಚೆ ಸುತ್ತಲೂ ನೋಡಿದಳು. ಹಿಂದಿನ ಸಾಲಿನಲ್ಲಿ ಗಂಡನ ಅಂಗಡಿಯ ಗುಮಾಸ್ತ ಕಾಂತೇಶ್ ಇದ್ದ. ಸಿನಿಮಾ ಶುರುವಾಯಿತು. ನಾಯಕನ ಮೀಸೆ ಪೆನ್ಸಿಲಿನದು. ಮೆಟ್ಟಿಲ ಮೇಲೆ ಸತ್ತ ಸೈನಿಕ ಮಾಳಿಗೆಯ ಮೇಲೆ ಇನ್ನೊಮ್ಮೆ ಸತ್ತ. ನೆಲಕ್ಕೆ ಬಿದ್ದ ಹೆಣವೊಂದು ನಾಯಕ ತುಳಿದಾನೆಂದು ಕಾಲು ಎಳೆದುಕೊಂಡಿತು. ಪುಷ್ಪಲತಾ ಮೊದಲು ನಕ್ಕಳು. ಆಮೇಲೆ ಯಾವಾಗಲೋ ಕುರ್ಚಿಯ ಕೈ ಬಿಗಿಹಿಡಿದು ಕುಳಿತಿದ್ದಳು.

ಕೆಳಗೆ ಹೊಳೆಯುವ ಕತ್ತಿಗಳ ರಾಶಿ. ಮೇಲೆ ಅವನೊಬ್ಬನೇ. ಸೊಂಟದ ಮೇಲೆ ಕೈಯಿಟ್ಟು ನಕ್ಕ, ತೂಗುದೀಪಕ್ಕೆ ಜಿಗಿದ. ಹಗ್ಗ ಬಾವಿಯ ಹಗ್ಗದಷ್ಟು ದಪ್ಪಗೆ ಕಂಡಿತು. ಆದರೂ ಅವಳ ಉಸಿರು ನಿಂತಿತು.

ಪಕ್ಕದಲ್ಲಿ ಫುಸ್ಸ್. ಮತ್ತೊಮ್ಮೆ ಫುಸ್ಸ್. ಅತ್ತೆಯ ಹೆಗಲು ಕುಸಿಯುತ್ತಿತ್ತು, ಬೆರಳು ಮಾತ್ರ ಇನ್ನೂ ಬಾಯಲ್ಲಿದ್ದವು. ಪುಷ್ಪಲತಾ ಮುಖದ ಮೇಲೆ ಸೆರಗೆಳೆದುಕೊಂಡು ಊದಿದಳು.

ಸಿಳ್ಳೆ ಪರದೆಗೆ ಬಡಿದು ವಾಪಸು ಬಂತು. ಮುಂದಿನ ಸಾಲಿನ ಗಂಡಸರು ತಿರುಗಿದರು. "ಹೆಂಗಸರ ಕಡಿಂದ ಬಂತಲೇ," ಎಂದ ಒಬ್ಬ. ಮರುಕ್ಷಣ ಇಡೀ ಟಾಕೀಸೇ ಸಿಳ್ಳೆಗೆ ಸಿಳ್ಳೆ ಕೊಟ್ಟಿತು.

ಅನ್ನದಾನಮ್ಮ ಸೊಸೆಯ ತೋಳು ಹಿಡಿದರು. "ಬಂತು ನೋಡು," ಎಂದರು. "ನಂದು ಬಂತು."

ಸಂಜೆಯೊಳಗೆ ಕಾಂತೇಶ್ ಸುದ್ದಿ ಮುಟ್ಟಿಸಿದ್ದ. ಬಸವೇಶ್ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತ.

"ಯಾರು ಹೊಡದದ್ದು?"

"ನಾನ. ಏನೀಗ?" ಅನ್ನದಾನಮ್ಮ ಎದ್ದು ನಿಂತರು. "ಇನ್ನೂ ನಾಕು ದಿನ ಐತಂತ ಸಿನಿಮಾ. ನೀನೂ ಬಾ, ನಿನಗೂ ಕಲಿಸ್ತೀನಿ."

ಬಸವೇಶ್ ಹೆಂಡತಿಯತ್ತ ತಿರುಗಿದ. "ಬಾಜೂಕ ಇದ್ದಿಯಲ್ಲ, ಖರೇನ?"

ಪುಷ್ಪಲತಾ ಎಂದಿನಂತೆ ಮಾತನ್ನು ತೂಗಿದಳು. ತುಟಿ ಇನ್ನೂ ಉರಿಯುತ್ತಿತ್ತು.

"ಖರೇರಿ. ಅಂಥಾ ಸಿಳ್ಳಿ ನಾ ಕೇಳಿದ್ದಿಲ್ಲ."

ಅತ್ತೆ ತಲೆ ಎತ್ತಿಕೊಂಡು ಒಳಗೆ ಹೋದರು. ಗಂಡನಿಗಾಗಲಿ, ಅತ್ತೆಗಾಗಲಿ, ತಾನು ಏನನ್ನೂ ಮುಚ್ಚಿಡದೆ ಹೇಳುತ್ತಿದ್ದ ತಂಗಿ ಸುಕನ್ಯಾಗಾಗಲಿ, ಇದನ್ನು ಎಂದೂ ಹೇಳಬಾರದೆಂದು ಪುಷ್ಪಲತಾ ಅಲ್ಲೇ ನಿಶ್ಚಯಿಸಿದಳು.