ಅಪ್ಪನಿಗೆ ಕಣ್ಲಾ ಅಂದವಳು

ಹದಿಹರೆಯದ ಪ್ರೇಮದ ಆ ಸಿನಿಮಾಕ್ಕೆ ನಾನೇ ನಾಯಕಿ. ಕೊಳ್ಳೇಗಾಲದ ಮಗ್ಗದ ಮನೆಯ ಹುಡುಗಿ ನಾನು. ಶೂಟಿಂಗ್ ಆದದ್ದು ನಮ್ಮ ಸೀಮೆಯದೇ ಹಳ್ಳಿ ಕೌದಳ್ಳಿಯಲ್ಲಿ. ಕೊನೆಯ ದೃಶ್ಯದಲ್ಲಿ, ನನ್ನ ಹುಡುಗನ ಮೇಲೆ ಮಚ್ಚು ಎತ್ತಿದ ತಂದೆಯ ಪಾತ್ರಧಾರಿಯ ಕಾಲು ಹಿಡಿದು ನಾನು ಅಂದದ್ದು ಇಷ್ಟೇ: "ಬ್ಯಾಡ ಕಣಪ್ಪಾ." ಆಮೇಲೆ ಡೈರೆಕ್ಟರ್ ಮಧು, ನನ್ನ ದನಿ ಕೀರಲು ಅಂತ, ಬೆಂಗಳೂರಿನ ಯಾವಳಿಂದಲೋ ಡಬ್ಬಿಂಗ್ ಮಾಡಿಸಿದರು.

ವಿಮರ್ಶಕರು ಕುಣಿದಾಡಿದರು. "ಕೊನೆಯಲ್ಲಿ ನಾಯಕಿ ಆಡುವ ಒಂದೇ ಮಾತಿನಲ್ಲಿ ಆ ಮಣ್ಣಿನ ಸೊಗಡೆಲ್ಲ ಇದೆ" ಎಂದು ಒಬ್ಬರು ನಾಲ್ಕು ಸ್ಟಾರ್ ಕೊಟ್ಟರು. ಅಪ್ಪ ಆ ಪೇಪರನ್ನು ಮಗ್ಗದ ಪಕ್ಕದ ಗೋಡೆಗೆ ಅಂಟಿಸಿ, ಬಿಳಿ ಪಂಚೆ ಉಟ್ಟು, ನನ್ನ ಜೊತೆ ಟಾಕೀಸಿಗೆ ಬಂದ.

ಕೊನೆಯ ದೃಶ್ಯ ಬಂತು. ತೆರೆಯ ಮೇಲೆ ನಾನು ಬಾಯಿ ತೆರೆದೆ. ಬೇರೆ ದನಿ ಅಳುತ್ತಾ ಹೇಳಿತು: "ಬ್ಯಾಡ ಕಣ್ಲಾ ಅಪ್ಪಾ!"

ಆ ಬಾಯಿಗಿಷ್ಟು ಬೆಂಕಿ ಹಾಕ! ನಮ್ಮಲ್ಲಿ ಕಣ್ಲಾ ಅನ್ನುವುದು ತಮ್ಮನಿಗೆ, ಜೊತೆ ಹುಡುಗರಿಗೆ. ಹೆತ್ತ ಅಪ್ಪನಿಗೆ ಅಂದರೆ ಮುಖಕ್ಕೆ ಉಗಿದಂತೆ.

ಟಾಕೀಸು ಹೋ ಎಂದು ನಕ್ಕಿತು. ಹಿಂದಿನ ಸಾಲಿನವನೊಬ್ಬ ಕೂಗಿದ, "ಮನೇಲೂ ಅಪ್ಪುನ್ನ ಇಂಗೇ ಮಾತಾಡ್ಸದಾ, ಈರೋಯಿನ್ನು?"

ಅಪ್ಪ ಎದ್ದು ನಡೆದ.

"ಅದು ನನ್ ದನಿ ಅಲ್ಲ ಕಣಪ್ಪಾ! ನಾ ಅಂಗಂದಿಲ್ಲ!" ಗೇಟಿನವರೆಗೂ ಹಿಂದೆಯೇ ಓಡಿದೆ. ಆತ ತಿರುಗಲಿಲ್ಲ. ಅಷ್ಟರಲ್ಲಿ ಆಟ ಬಿಟ್ಟು ಜನ ಸುತ್ತುಗಟ್ಟಿದರು. ನಾನು ಅಪ್ಪನ ಕಾಲಿಗೇ ಬಿದ್ದೆ.

"ಓಗ್ಬ್ಯಾಡ... ಬ್ಯಾಡ ಕಣಪ್ಪಾ."

ಯಾರೋ ಮೊಬೈಲ್ ಹತ್ತಿರಕ್ಕೆ ಹಿಡಿದು ಅಂದರು:

"ಅಂಗಲ್ಲ ಕಣವ್ವ, ಸಿನಿಮಾದಲ್ ಯೋಳ್ದಂಗೆ ಯೋಳು."